ಈ ಸಲ ಹುಳು ಮೇಯಿಸಿಲ್ಲ

ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಜಪಾನಿನ ಮಾತೇ ಮಾತು. ಮಗಳು ಹೊಂಬಾಳೆ ಬಿ.ಎಸ್ಸಿ. ಮುಗಿಸಿದ್ದಳು. ರೇಷ್ಮೆ ಕೃಷಿ ಅವಳೇ ಆರಿಸಿಕೊಂಡು ಓದಿದ ವಿಷಯ. ಹುಳು ಸಾಕುವ ಮನೆಯ ಮಕ್ಕಳಿಗೆಂದೇ ಜಪಾನಿನ ಒಂದು ಸಂಸ್ಥೆ ವಿದ್ಯಾರ್ಥಿವೇತನ ಕೊಡುತ್ತದೆ, ಒಂದು ವರ್ಷ ಅಲ್ಲೇ ಇದ್ದು ಓದಬೇಕು, ಕೆಲಸ ಕಲಿಯಬೇಕು, ವಿಮಾನದಿಂದ ಹಿಡಿದು ಊಟದವರೆಗೆ ಎಲ್ಲವೂ ಅವರದೇ ಎಂದು ಕಾಲೇಜಿನ ಮೇಷ್ಟ್ರು ಹೇಳಿದ್ದರು. ಇಡೀ ರಾಜ್ಯಕ್ಕೆ ಮೂರೇ ಜಾಗ. ಹೊಂಬಾಳೆ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದಳು, ಪಾಸಾದಳು. ಇನ್ನೊಂದು ಸಲ ಹೋಗಿ ಐದು ಜನರ ಮುಂದೆ ಕೂತು ಇಂಗ್ಲಿಷಿನಲ್ಲಿ ಮಾತಾಡಿ ಬಂದಳು, ಅದೂ ಆಯಿತು. ಉಳಿದದ್ದು ಒಂದೇ. ಹುಳುವನ್ನು ಕಣ್ಣಿಂದಲೂ ನೋಡದ ಪೇಟೆಯ ಮಕ್ಕಳು, ನಮ್ಮದು ರೇಷ್ಮೆ ಮನೆ ಎಂದು ಸುಳ್ಳು ಬರೆದು ಅರ್ಜಿ ಹಾಕಿದ್ದರಂತೆ. ಅದಕ್ಕೆ ಕೊನೆಗೆ ಉಳಿದ ಎಂಟು ಮಂದಿಯ ಮನೆಗಳನ್ನು ನೋಡಲು ಯಾರೋ ಬರುತ್ತಾರೆ ಎಂದಿದ್ದಳು.

ಯಾರೋ ಬರುತ್ತಾರೆ ಅಂದರೆ ಹೆಣ್ಣು ನೋಡಲು ಬರುವವರ ಹಾಗೆ ಎಂದುಕೊಂಡಿದ್ದೆ. ಇಂಥ ದಿನ ಬರುತ್ತೇವೆ ಎಂದು ಮುಂಚೆ ಕಾಗದ ಹಾಕುತ್ತಾರೆ, ಮನೆ ಸಾರಿಸಿಕೊಳ್ಳಲು, ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ತರಲು ನಮಗೂ ಹೊತ್ತು ಸಿಗುತ್ತದೆ ಎಂದು.

ಮಂಗಳವಾರ ಹೊತ್ತು ನೆತ್ತಿಗೆ ಬಂದಿದ್ದಾಗ ಮನೆಯ ಮುಂದೆ ಒಂದು ಜೀಪು ನಿಂತಿತು. ನಾನು ಹಿತ್ತಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ರಾಶಿಗೆ ಒದ್ದೆ ಗೋಣಿತಾಟು ಹೊದಿಸುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಮ್ಮ ಯಜಮಾನರು ಬೀರಯ್ಯ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ತರಲು ಗಾಡಿ ಕಟ್ಟಿಕೊಂಡು ಕೈಲಾಂಚಕ್ಕೆ ಹೋಗಿದ್ದರು. ಹೊಂಬಾಳೆ ಯಾವುದೋ ಸರ್ಟಿಫಿಕೇಟಿಗೆಂದು ರಾಮನಗರದ ಕಾಲೇಜಿಗೆ ಹೋಗಿದ್ದಳು. ಹಿತ್ತಿಲ ಹುಳುಮನೆಯಲ್ಲಿ ನೂರೈವತ್ತು ಮೊಟ್ಟೆಯ ಹುಳು ಮೇಯುತ್ತಿದ್ದವು. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟದ್ದಷ್ಟೂ, ನಾನೂರು ಐನೂರು ಹುಳು. ನಾಲ್ಕು ಸಲ ಪೊರೆ ಕಳಚಿ ಎದ್ದು, ಕೊನೆಯ ಮೇವಿನ ಆರನೇ ದಿನ. ಇನ್ನೊಂದು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲು ನಿಲ್ಲುತ್ತವೆ. ಆ ಏಳು ದಿನ ಹೊರಗಿನವರು ನಮ್ಮ ಹುಳುಮನೆಗೆ ಕಾಲಿಡಬಾರದು, ನಾವೂ ಯಾರ ಹುಳುಮನೆಗೂ ಹೋಗುವುದಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದೇ.

ಇನ್ನೊಂದು ಮಾತು ಹೇಳಬೇಕು. ಆ ವರ್ಷಗಳಲ್ಲಿ ನಮ್ಮ ಹೋಬಳಿಯಲ್ಲಿ ಹುಳು ಇಲ್ಲದ ಮನೆಯೇ ಇರಲಿಲ್ಲ. ರಾಗಿ ಹೊಲ ಕಿತ್ತು ಹಿಪ್ಪುನೇರಳೆ ಕಡ್ಡಿ ನೆಟ್ಟರು. ಹೆಂಚಿನ ಮನೆಗಳು ತಾರಸಿ ಮನೆಗಳಾದವು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆದರೂ ಯಾರನ್ನಾದರೂ ಹುಳು ಹೇಗಿವೆ ಎಂದು ಕೇಳಿದರೆ, ಒಬ್ಬರ ಬಾಯಲ್ಲೂ ಚೆನ್ನಾಗಿವೆ ಎಂಬ ಮಾತು ಬರುತ್ತಿರಲಿಲ್ಲ. "ಏನೋ ಒಸಿ ಅವೆ," ಅಷ್ಟೇ. ಗುರುತಿಲ್ಲದವರು ಕೇಳಿದರೆ ಅದೂ ಇಲ್ಲ. ಕಣ್ಣು ತಾಗುತ್ತದೆ ಎಂದು ನಮ್ಮ ಅತ್ತೆ ಹುಳು ಮೇಯಿಸುತ್ತಿರುವುದನ್ನು ತವರಿಗೂ ಹೇಳುತ್ತಿರಲಿಲ್ಲ. ಮಕ್ಕಳ ವಿಷಯವೂ ಹಾಗೇ. ಮಗು ಚೆನ್ನಾಗಿ ಓದುತ್ತದಂತೆ ಎಂದು ಯಾರಾದರೂ ಅಂದರೆ, ಅಯ್ಯೋ ಅದಕ್ಕೆಲ್ಲಿ ಬುದ್ಧಿ ಎಂದು ನಾವೇ ಮೊದಲು ಹಳಿದುಬಿಡುತ್ತೇವೆ. ಹೊಂಬಾಳೆ ಹುಟ್ಟಿದಾಗಿನಿಂದ ಹೊರಗಿನವರ ಮುಂದೆ ಅವಳನ್ನು ನಾನು ಒಂದು ದಿನವೂ ಹೊಗಳಿದ್ದಿಲ್ಲ.

ಜೀಪಿನಿಂದ ಇಳಿದವರು ಕನ್ನಡಕ ಹಾಕಿದ, ಮೂವತ್ತೈದರ ಆಸುಪಾಸಿನ ಒಬ್ಬರು. ಕೈಯಲ್ಲಿ ಫೈಲು ಇತ್ತು. ಆಗ ದಿನ ಬೆಳಗಾದರೆ ಯಾರಾದರೂ ಒಬ್ಬರು ಬರುತ್ತಿದ್ದರು. ಮೊಟ್ಟೆ ಮಾರುವವರು, ಹುಳುವಿನ ಔಷಧಿಯವರು, ಬ್ಯಾಂಕಿನವರು. ಇವರೂ ಅಂಥವರಲ್ಲೊಬ್ಬರು ಎಂದುಕೊಂಡೆ. ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟೆ.

ಅವರು ಮಜ್ಜಿಗೆ ಕುಡಿದು ಮುಖ ಒರೆಸಿಕೊಂಡರು. "ಏನು ಬಿಸಿಲಮ್ಮ. ಈಗ ಪಕ್ಕದ ಊರಲ್ಲಿ ಒಂದು ಮನೆ ನೋಡ್ಕೊಂಡು ಬಂದೆ. ಪಾಪ, ಹುಳ ಎಲ್ಲಾ ಬೆಳ್ಳಗೆ ಸೀಮೆಸುಣ್ಣದ ಕಡ್ಡಿ ಥರ ಗಟ್ಟಿಯಾಗಿ ಸತ್ತು ಬಿದ್ದಿದ್ದಾವೆ."

ಅದು ಸುಣ್ಣಕಟ್ಟು ರೋಗ. ಕಾಲಿನ ಧೂಳಲ್ಲಿ ಬರುತ್ತದೆ, ಬಟ್ಟೆಯಲ್ಲಿ ಬರುತ್ತದೆ. ಹುಳು ಮೇಯುವ ಒಂದು ತಟ್ಟೆಗೆ ತಗುಲಿದರೆ ಇಡೀ ಮನೆಗೆ ಹರಡುತ್ತದೆ. ಆ ಮನೆಯೊಳಗೆ ಓಡಾಡಿದ ಬೂಟು ಹಾಕಿಕೊಂಡೇ ಇವರು ನಮ್ಮ ಜಗುಲಿಯಲ್ಲಿ ಕೂತಿದ್ದರು.

"ನಿಮ್ಮನೇಲಿ ಹುಳ ಎಷ್ಟಿದೆ? ಒಂದ್ಸಲ ನೋಡ್ಬೋದಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ. ಈ ಸಲ ಹುಳು ಮೇಯಿಸಿಲ್ಲ."

"ಹೌದಾ? ಹೋದ ಸಲ?"

"ಹೋದ ಸಲಾನೂ ಇರ್ಲಿಲ್ಲ."

"ಮನೇಲಿ ಓದೋ ಮಕ್ಕಳು ಯಾರಾದ್ರೂ ಇದ್ದಾರಾ? ಹುಳದ ಕೆಲಸ ಗೊತ್ತಾ ಅವರಿಗೆ?"

"ಒಬ್ಳು ಮಗ್ಳವ್ಳೆ. ಅವ್ಳಿಗೇನ್ ಗೊತ್ತು, ತಟ್ಟೆ ಎತ್ತಿಡಕ್ಕೂ ಬರಕಿಲ್ಲ. ಪುಸ್ತಕ ಹಿಡ್ಕಂಡ್ ಕೂತ್ಬುಟ್ರೆ ಮುಗೀತು."

ಅವರು ಫೈಲು ತೆಗೆದು ಬರೆದುಕೊಂಡರು. ಹೇಳಿದ್ದನ್ನು ಬರೆದಿದ್ದೇನೆ, ಒಂದು ರುಜು ಹಾಕಿ ಎಂದರು. ಕಾಗದ ಇಂಗ್ಲಿಷಿನಲ್ಲಿತ್ತು. ಅವರು ಹುಳುಮನೆಯ ಕಡೆ ಹೋಗದೆ ಜೀಪು ಹತ್ತಿದರೆ ಸಾಕು ಅನಿಸಿತ್ತು ನನಗೆ. ಪುಟ್ಟಲಕ್ಷ್ಮಮ್ಮ ಎಂದು ಪೂರ್ತಿ ಬರೆದು ಕೊಟ್ಟೆ. ಮಗಳು ಬಂದರೆ ಕೊಡಿ ಎಂದು ಇಂಗ್ಲಿಷಿನಲ್ಲೇ ಬರೆದ ಒಂದು ಚೀಟಿ ಕೊಟ್ಟು ಹೊರಟರು. ಜೀಪು ಮರೆಯಾದ ಮೇಲೆ ಜಗುಲಿ ತೊಳೆದೆ, ಬಾಗಿಲಿನಿಂದ ಹುಳುಮನೆಯವರೆಗೂ ಸುಣ್ಣದ ಪುಡಿ ಎರಚಿದೆ. ಆಮೇಲೆ ಸೊಪ್ಪು ಹಾಕಲು ಹೋದೆ. ಹುಳು ಎಲ್ಲ ಚೆನ್ನಾಗಿದ್ದವು.

ಸಂಜೆ ಹೊಂಬಾಳೆ ಬಂದು ಚೀಟಿ ಓದಿದಳು.

"ಅವ್ವ, ಇವ್ರು ಏನ್ ಕೇಳುದ್ರು?"

ಕೇಳಿದ್ದನ್ನೆಲ್ಲ ಹೇಳಿದೆ. ನಾನು ಅಂದದ್ದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅವಳ ಮುಖ ನೋಡಿಯೇ ನನಗೆ ಅರ್ಥವಾಗತೊಡಗಿತ್ತು.

"ಮನೆ ನೋಡಕ್ಕೆ ಬಂದವ್ರು ಕಣವ್ವ ಅವ್ರು. ಸುಳ್ಳು ಬರ್ದವ್ರು ಸಿಕ್ಕಾಕಳ್ಲಿ ಅಂತ ಯಾರು ಏನು ಅಂತ ಹೇಳ್ದೆ ಬತ್ತಾರೆ. ನಾನು ಅರ್ಜೀಲಿ ನಮ್ಮನೇಲಿ ವರ್ಷಕ್ಕೆ ಐದಾರು ಬೆಳೆ ತೆಗಿತೀವಿ, ಚಾಕಿ ಎಲ್ಲಾ ನಾನೇ ನೋಡ್ಕತೀನಿ ಅಂತ ಬರ್ದಿವ್ನಿ. ನೀನು ಹುಳಾನೇ ಇಲ್ಲ, ಮಗ್ಳಿಗೆ ಏನೂ ಬರಕಿಲ್ಲ ಅಂತ ಸೈನ್ ಮಾಡಿ ಕೊಟ್ಟಿದ್ದೀಯ."

ಚಾಕಿ ಅಂದರೆ ಎಳೆ ಹುಳುವಿನ ಆರೈಕೆ. ಸೊಪ್ಪನ್ನು ನೂಲಿನಷ್ಟು ಸಣ್ಣಗೆ ಹೆಚ್ಚಿ, ಕೋಳಿಗರಿಯಲ್ಲಿ ಹುಳು ಸರಿಸಿ ಮೇಯಿಸಬೇಕು. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಅದು ಅವಳದೇ ಕೆಲಸ. ಅವಳು ಕೈ ಹಾಕಿದ ಮೇಲೆ ಒಂದು ಬೆಳೆಯೂ ಕೆಟ್ಟಿಲ್ಲ.

ಬೀರಯ್ಯ ಚಂದ್ರಿಕೆ ಇಳಿಸಿ ಒಳಗೆ ಬಂದರು. ವಿಷಯ ಕೇಳಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಹುಳು ಇಲ್ಲ ಅಂದಿದ್ದು ಸರಿ. ಹೋದ ಸಲಾನೂ ಇಲ್ಲ ಅನ್ನಕ್ಕೆ ನಿನ್ ಯಾರ್ ಕೇಳುದ್ರು? ಎರಡೆರಡು ಸುಳ್ಳು ಯಾಕ್ ಹೇಳಕ್ಕೋದೆ?"

"ಅವ್ರೇ ಕೇಳುದ್ರು," ಎಂದೆ.

ಹೊಂಬಾಳೆ ಅಳಲಿಲ್ಲ. ಹುಳುಮನೆಗೆ ಹೋಗಿ ಸೊಪ್ಪು ಹಾಕಿದಳು. ನಾನೂ ಹಿಂದೆ ಹೋಗಿ ಒಂದು ತಟ್ಟೆ ಹಿಡಿದುಕೊಂಡೆ. ಅವಳು ತಲೆ ಎತ್ತದೆ ಕೇಳಿದಳು.

"ಅವ್ವ, ನಾನು ಹೋಗದು ನಿಂಗೆ ಇಷ್ಟ ಇಲ್ವಾ?"

"ಯಾಕವ್ವ ಹಿಂಗಂತೀಯ?"

"ಸುಮ್ನೆ ಕೇಳ್ದೆ."

ರಾತ್ರಿಯೆಲ್ಲ ಆ ಮಾತು ನನ್ನ ಜೊತೆಗೇ ಇತ್ತು. ಕಣ್ಣು ತಾಗುತ್ತದೆ ಎಂದು ಹೇಳಿದ್ದೋ, ರೋಗ ಬರುತ್ತದೆ ಎಂದು ಹೇಳಿದ್ದೋ, ಇಲ್ಲ ಇದ್ದೊಬ್ಬ ಮಗಳು ಸಮುದ್ರ ದಾಟಿ ಹೋಗುತ್ತಾಳೆ ಎಂಬ ಭಯ ನನ್ನ ನಾಲಗೆಯ ಹಿಂದೆ ಕೂತು ಆಡಿಸಿತೋ. ಅವರು ಜಪಾನಿನ ಕಡೆಯವರು ಎಂದು ನನಗೆ ಗೊತ್ತಿರಲಿಲ್ಲ, ಅದು ಸತ್ಯ. ಗೊತ್ತಿದ್ದರೆ ಬೇರೆ ಮಾತಾಡುತ್ತಿದ್ದೆನೇ ಎಂದು ಕೇಳಿಕೊಂಡರೆ ಹೌದು ಎಂದು ಥಟ್ಟನೆ ಬರಲಿಲ್ಲ. ಅದು ನನ್ನನ್ನು ಹೆದರಿಸಿತು.

ಬೆಳಿಗ್ಗೆ ಸೊಪ್ಪು ಹಾಕಲು ಹೋದಾಗ ಮೊದಲ ಹಣ್ಣು ಹುಳು ಕಂಡವು. ಮೈ ದ್ರಾಕ್ಷಿಯ ಹಾಗೆ ತಿಳಿಯಾಗಿ, ಮೇವು ಬಿಟ್ಟು ತಲೆ ಆಡಿಸುತ್ತಿದ್ದವು. ಇನ್ನು ಹೊತ್ತಿಲ್ಲ. ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಹಣ್ಣು ಆರಿಸುವ ದಿನ ಮನೆಯ ಹೆಂಗಸು ಹೊಸಲು ದಾಟಿ ಹೋದದ್ದನ್ನು ನಮ್ಮ ಊರಲ್ಲಿ ಯಾರೂ ಕಂಡಿಲ್ಲ.

ಚೀಟಿಯಲ್ಲಿ ಏನಿದೆ ಎಂದು ಹೊಂಬಾಳೆಯನ್ನು ಕೇಳಿದೆ. ರಾಮನಗರದ ಪ್ರವಾಸಿ ಮಂದಿರದಲ್ಲಿ ಬುಧವಾರದವರೆಗೆ ಇರುತ್ತೇವೆ, ಅರ್ಜಿದಾರರು ಹೇಳುವುದೇನಾದರೂ ಇದ್ದರೆ ಬಂದು ಕಾಣಬಹುದು ಎಂದಿತ್ತಂತೆ. ಅಂದೇ ಬುಧವಾರ.

"ಹೋಗ್ಬಾ ಮಗ," ಎಂದೆ.

"ಹೋಗಿ ಏನಂತ ಹೇಳ್ಲಿ? ನಮ್ಮವ್ವ ಸುಳ್ಳು ಹೇಳುದ್ಲು ಅನ್ಲಾ? ಸಿಕ್ಕಾಕಂಡವ್ರೆಲ್ಲ ಹಂಗೇ ಅಂತಾರೆ. ನಾನು ಹೋಗಕಿಲ್ಲ." ಅವಳ ಬೆರಳು ನಿಲ್ಲದೆ ಹುಳು ಆರಿಸುತ್ತಿತ್ತು. "ನಿನ್ನ ಸುಳ್ಳಿ ಅಂತ ಬರಿಸ್ಬುಟ್ಟು ನಾನ್ಯಾಕೆ ಹೋಗ್ಲಿ ಬುಡು."

ನಾನು ಹುಳುಮನೆಯಿಂದ ಹೊರಗೆ ಬಂದು ಕೈಕಾಲು ತೊಳೆದೆ, ಸೀರೆ ಬದಲಾಯಿಸಿದೆ. ಬೀರಯ್ಯ ಅಂಗಳದಲ್ಲಿ ಚಂದ್ರಿಕೆ ಒರಗಿಸುತ್ತಿದ್ದರು.

"ನಾನು ಒಸಿ ರಾಮನಗರಕ್ಕೆ ಹೋಗ್ಬತ್ತೀನಿ."

"ಇವತ್ತಾ? ಬುದ್ಧಿ ನೆಟ್ಟಗೈತಾ?"

"ಪಕ್ಕದ್ಮನೆ ಬೈರಮ್ಮಕ್ಕನ ಕರ್ಕಳಿ. ಅವ್ರ ಸೊಸೇನೂ ಬತ್ತಾಳೆ."

ಅವರು ಕೈಯಲ್ಲಿದ್ದ ಚಂದ್ರಿಕೆ ಗೋಡೆಗೆ ಒರಗಿಸಿದರು. "ಹೊತ್ತು ಮುಳುಗೋದ್ರೊಳಗೆ ಬಂದ್ಬುಡು," ಎಂದರು. ಓಣಿಯ ತಿರುವಿನಲ್ಲಿ ಆ ಬೈರಮ್ಮನೇ ಎದುರಾದಳು. "ಹಣ್ಣು ಬುಟ್ಟು ಎಲ್ಲಿಗವ್ವ ಸವಾರಿ? ಮಗ್ಳಿಗಿಂತ ಮುಂಚೆ ನೀನೇ ಜಪಾನಿಗೆ ಹೊಂಟ್ಯಾ?" ಎಂದು ನಕ್ಕಳು. ನಾನೂ ನಕ್ಕ ಹಾಗೆ ಮಾಡಿ ಬಸ್ಸಿಗೆ ಓಡಿದೆ.

ಪ್ರವಾಸಿ ಮಂದಿರ ಸೇರಿದಾಗ ಹತ್ತು ಗಂಟೆ. ಕಾವಲಿನವನು, ಅವರೆಲ್ಲ ಮಾಗಡಿ ಆಚೆ ಗುಡೇಮಾರನಹಳ್ಳಿಯಲ್ಲಿ ಒಂದು ಮನೆ ನೋಡಲು ಹೋಗಿದ್ದಾರೆ, ಮಧ್ಯಾಹ್ನ ಬಂದು ಸಾಮಾನು ತೆಗೆದುಕೊಂಡು ಬೆಂಗಳೂರಿಗೆ ಹೊರಡುತ್ತಾರೆ ಎಂದ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತೆ. ಕೂತರೆ ಕಣ್ಣ ಮುಂದೆ ಹುಳುವೇ. ಇಷ್ಟು ಹೊತ್ತಿಗೆ ಮೇಲಿನ ತಟ್ಟೆಗಳು ಪೂರ್ತಿ ಹಣ್ಣಾಗಿರುತ್ತವೆ. ಬೈರಮ್ಮ ಮಾತಿಗೆ ನಿಂತರೆ ಕೈ ನಿಲ್ಲುತ್ತದೆ. ಹೊಂಬಾಳೆ ಬೆಳಿಗ್ಗೆ ಏನೂ ತಿಂದಿಲ್ಲ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ, ಜೋಡಿಸಿದ್ದು ಪ್ರತಿ ಸಲ ಬೇರೆಯಾಗುತ್ತಿತ್ತು.

ಒಂದು ಗಂಟೆಯ ಹೊತ್ತಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಸಾಬಿರಾ ನನ್ನ ಕಂಡು ನಿಂತಳು. ಅವಳ ಗಂಡ ಪೀರ್ ಸಾಬ್ ಗೂಡು ಬೇಯಿಸಿ ನೂಲು ತೆಗೆಯುವವರು, ಎಷ್ಟೋ ಸಲ ಮಾರುಕಟ್ಟೆಯಲ್ಲಿ ನಮ್ಮ ಗೂಡನ್ನು ಹರಾಜಿನಲ್ಲಿ ಕೂಗಿ ಹಿಡಿದಿದ್ದಾರೆ. ಬಿಸಿನೀರಿನ ಬಾಣಲೆಯಲ್ಲಿ ಆಡಿಸಿ ಆಡಿಸಿ ಸಾಬಿರಾಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

"ಏನಕ್ಕಾ, ಇಲ್ಲಿ ಕೂತಿದ್ದೀಯಲ್ಲ? ಮುಖ ಯಾಕೆ ಹಿಂಗಾಗಿದೆ?"

ಹೇಳಿದೆ. ಅವಳು ಪಕ್ಕದಲ್ಲಿ ಕೂತು ಕೇಳಿದಳು. "ಯಾ ಅಲ್ಲಾ. ಹಣ್ಣು ಹುಳ ಬಿಟ್ಟು ಬಂದ್ಯಾ? ಹಂಗಾದ್ರೆ ಈ ಸಲ ನಿಮ್ಮ ಗೂಡು ನಮ್ಮ ಬಾಣ್ಲಿಗೆ ಬರಲ್ಲ ಬಿಡು," ಎಂದು ತಮಾಷೆ ಮಾಡಿದಳು. ಎದುರಿನ ಹೋಟೆಲಿನಿಂದ ಟೀ ತರಿಸಿ ಕುಡಿಯುವವರೆಗೆ ಬಿಡಲಿಲ್ಲ. "ಬೆಳೆ ಹೆಂಗಿದೆ?" ಎಂದು ಕೇಳಿದಳು.

ಏನೋ ಒಸಿ ಐತೆ ಎಂದು ಬಾಯಿಗೆ ಬಂದಿತ್ತು. ಒಂದು ಗುಟುಕು ಟೀ ಕುಡಿದೆ. "ನೂರೈವತ್ತು ಮೊಟ್ಟೆ. ಚೆನ್ನಾಗಿ ಬಂದೈತೆ ಸಾಬಿರಾ. ಹೊಂಬಾಳೆ ಮೇಯಿಸಿದ್ದು," ಎಂದೆ. ಸಾಬಿರಾ ಏನೂ ಆಶ್ಚರ್ಯಪಡಲಿಲ್ಲ. "ಅದು ನಮಗೆ ಗೊತ್ತಿಲ್ವಾ? ನಿಮ್ಮ ಗೂಡಲ್ಲಿ ನೂಲು ಕಡಿಯಲ್ಲ," ಎಂದು ಎದ್ದು ಹೋದಳು.

ಜೀಪು ಬಂದದ್ದು ಎರಡೂವರೆಗೆ. ಕನ್ನಡಕದ ಅಧಿಕಾರಿಯ ಜೊತೆ ಒಬ್ಬರು ಹೆಂಗಸು ಇಳಿದರು. ಚಿಕ್ಕ ಆಳು, ನೆರೆತ ಕೂದಲು, ಬಟ್ಟೆಯ ಟೋಪಿ. ಜಪಾನಿನ ಆ ಸಂಸ್ಥೆಯವರು, ಓಕಾದಾ ಮೇಡಂ ಎಂದು ಆಮೇಲೆ ತಿಳಿಯಿತು. ಹಿಂದಿನ ದಿನ ಹೊಟ್ಟೆ ಸರಿಯಿಲ್ಲದೆ ಇಲ್ಲೇ ಉಳಿದಿದ್ದರಂತೆ. ನಾನು ಗೇಟಿಗೆ ಅಡ್ಡವಾಗಿ ನಿಂತು ಕೈ ಮುಗಿದೆ. ಅಧಿಕಾರಿಗೆ ಗುರುತು ಹತ್ತಿತು.

"ನಿನ್ನೆ ನಾನು ಹೇಳಿದ್ದೆಲ್ಲ ಸುಳ್ಳು ಸ್ವಾಮಿ. ಮನೆ ತುಂಬ ಹುಳು ಅವೆ. ಇವತ್ತು ಹಣ್ಣಾಗವೆ."

ಅವರು ಬೇಸರದಿಂದ ಗಡಿಯಾರ ನೋಡಿದರು. "ಅಮ್ಮ, ನೀವೇ ಸೈನ್ ಹಾಕಿದ್ದೀರಿ. ನಿನ್ನೆ ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ, ನನಗೆ ಹೇಗೆ ಗೊತ್ತಾಗ್ಬೇಕು? ಮಗಳು ಬೈದು ಕಳಿಸಿದ್ಲಾ?"

"ಅವ್ಳು ಬರಕಿಲ್ಲ ಅಂದ್ಲು. ನಾನು ಬಂದಿರೋದು ಅವ್ಳಿಗೆ ಗೊತ್ತೂ ಇಲ್ಲ."

ಮೇಡಂ ಏನೋ ಕೇಳಿದರು. ಅಧಿಕಾರಿ ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದರು, ನಡುವೆ ಸ್ವಲ್ಪ ನಕ್ಕರು. ಮೇಡಂ ನಗಲಿಲ್ಲ. ಯಾಕೆ ಹಾಗೆ ಹೇಳಿದ್ದು ಎಂದು ಕೇಳುತ್ತಿದ್ದಾರೆ ಎಂದರು ಅಧಿಕಾರಿ.

ಅಷ್ಟು ಹೊತ್ತು ಜೋಡಿಸಿಕೊಂಡದ್ದು ಒಂದೂ ನೆನಪಾಗಲಿಲ್ಲ. "ನಮ್ಮಲ್ಲಿ ಹುಳು ಐತೆ ಅಂತ ಯಾರ್ಗೂ ಹೇಳಕಿಲ್ಲ, ಕಣ್ಣಾಯ್ತದೆ ಅಂತ," ಎಂದೆ. "ಅದೂ ಅಲ್ದೆ ಇವ್ರು ಸುಣ್ಣಕಟ್ಟು ಬಂದ ಮನೆಯಿಂದ ನೇರ ಬಂದಿದ್ರು, ಬೂಟು ತೊಳೀದೆ. ಒಳೀಕೆ ಬುಟ್ಟಿದ್ರೆ ನಮ್ಮ ಹುಳು ಉಳೀತಿರ್ಲಿಲ್ಲ."

ಇದನ್ನು ಅಧಿಕಾರಿ ಹೇಳಲು ಹಿಂದೆಮುಂದೆ ನೋಡಿದರು. ಕೊನೆಗೆ ಹೇಳಿದರು. ಮೇಡಂ ತಟ್ಟನೆ ಅವರ ಬೂಟಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು.

"ಈಗ ನಾವು ಬಂದ್ರೆ ಒಳಗೆ ಬಿಡ್ತೀರಾ ಅಂತಿದ್ದಾರೆ."

ಬನ್ನಿ ಎನ್ನಬೇಕಿತ್ತು. ಮಗಳ ಒಂದು ವರ್ಷ ಅಲ್ಲಿ ನಿಂತಿತ್ತು. ಆದರೆ ಅವರು ಇಂದು ಗುಡೇಮಾರನಹಳ್ಳಿಯಲ್ಲಿ ಇನ್ನೊಂದು ಹುಳುಮನೆ ಹೊಕ್ಕು ಬಂದಿದ್ದರು. ಅಲ್ಲಿ ಏನಿತ್ತೋ ಯಾರು ಬಲ್ಲರು. ಮಗಳ ಕೈಯ ಬೆಳೆ, ಅದನ್ನು ಕೆಡಿಸಿ ಅವಳನ್ನು ಕಳಿಸಿದರೆ ಅವಳೇ ನನ್ನನ್ನು ಕ್ಷಮಿಸುವುದಿಲ್ಲ.

"ಬುಡ್ತೀನಿ," ಎಂದೆ. "ಆದ್ರೆ ಇಲ್ಲೇ ಸ್ನಾನ ಮಾಡಿ ಬ್ಯಾರೆ ಬಟ್ಟೆ ಹಾಕ್ಕಳಿ. ನಮ್ಮನೇಲಿ ಬ್ಲೀಚಿಂಗ್ ನೀರಲ್ಲಿ ಕಾಲು ತೊಳೀಬೇಕು. ಬೂಟು ಬ್ಯಾಡ."

"ಸ್ನಾನಾನೂ ಮಾಡ್ಬೇಕಾ?" ಅಧಿಕಾರಿಯ ಹುಬ್ಬು ಮೇಲೇರಿತು. ಎಲ್ಲವೂ ಮುಗಿಯಿತು ಎಂದುಕೊಂಡೆ. ನನ್ನ ನಾಲಗೆ ಎರಡನೇ ಸಲ ಮಗಳ ದಾರಿಗೆ ಅಡ್ಡ ಬಂತು ಎಂದುಕೊಂಡೆ. ಆದರೆ ಅವರು ಮೇಡಂಗೆ ಹೇಳಿದರು. ಮೇಡಂ ಒಳಗೆ ಹೋದರು. ಅರ್ಧ ಗಂಟೆಯ ಮೇಲೆ ಒದ್ದೆ ಕೂದಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಹೊರಗೆ ಬಂದರು. ಹಿಂದೆಯೇ ಅಧಿಕಾರಿಯೂ ಬಂದರು, ಮುಖ ಊದಿಸಿಕೊಂಡು, ಪಂಚೆಯುಟ್ಟು.

ದಾರಿಯುದ್ದಕ್ಕೂ ಜೀಪಿನಲ್ಲಿ ನಾನು ಹಿಂದೆ ಕಂಬಿ ಹಿಡಿದು ಕೂತಿದ್ದೆ. ಇಷ್ಟು ಹೊತ್ತಿಗೆ ಹುಳು ಏನಾಗಿರುತ್ತವೋ. ಹೊಂಬಾಳೆ ಕೋಪದಲ್ಲಿ ಏನಂದುಬಿಡುತ್ತಾಳೋ.

ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ನಮ್ಮ ಅಂಗಳದ ಚಪ್ಪರದ ಕೆಳಗೆ, ಗೋಡೆಗೆ, ಬೇಲಿಗೆ ಎಲ್ಲ ಕಡೆ ಚಂದ್ರಿಕೆ ಒರಗಿಸಿದ್ದರು. ಬಿದಿರಿನ ಸುರುಳಿ ಸುರುಳಿಯಲ್ಲಿ ಹುಳು ಕೂತು ಮೊದಲ ನೂಲು ಎಳೆಯುತ್ತಿದ್ದವು. ಬೈರಮ್ಮ, ಅವಳ ಸೊಸೆ, ಓಣಿಯ ಇನ್ನೂ ನಾಲ್ಕು ಹೆಂಗಸರು ತಟ್ಟೆಗಳ ಸುತ್ತ ಕೂತಿದ್ದರು. ಜೀಪು ಕಂಡು ಬೈರಮ್ಮ ಗಡಬಡಿಸಿ ಒಂದು ಚಂದ್ರಿಕೆಗೆ ಸೆರಗು ಮುಚ್ಚಲು ಹೋದಳು.

"ಬುಡಕ್ಕ, ನೋಡ್ಲಿ," ಎಂದೆ.

ಹೊಂಬಾಳೆ ಎದ್ದು ನಿಂತಳು. ಅಂಗೈಯಲ್ಲಿ ಹುಳುಗಳಿದ್ದವು. ನನ್ನನ್ನು ನೋಡಿದಳು, ಹಿಂದಿದ್ದವರನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಬೀರಯ್ಯ ಬ್ಲೀಚಿಂಗ್ ನೀರಿನ ತೊಟ್ಟಿ ತಂದಿಟ್ಟರು. ಮೇಡಂ ಕಾಲು ಅದ್ದಿ ಒಳಗೆ ಹೋದರು. ಹೊಂಬಾಳೆಯೂ ಜೊತೆಗೆ ಹೋದಳು. ನಾನು ಬಾಗಿಲ ಬಳಿಯೇ ನಿಂತೆ. ಒಳಗೆ ಇಂಗ್ಲಿಷು ನಡೆಯುತ್ತಿತ್ತು. ಒಂದು ಪದವೂ ತಿಳಿಯದೆ ಮುಖಗಳನ್ನೇ ನೋಡುತ್ತಿದ್ದೆ. ಮೇಡಂ ಕೇಳುತ್ತಿದ್ದರು, ಅವಳು ಉತ್ತರ ಕೊಡುತ್ತಿದ್ದಳು. ಒಂದು ಸಲ ತಡವರಿಸಿದಳು. ಆಮೇಲೆ ಒಂದು ಹುಳು ತೆಗೆದು ಬೆಳಕಿಗೆ ಹಿಡಿದು ಏನೋ ತೋರಿಸಿದಳು. ಮೇಡಂ ಹತ್ತಿರ ಬಗ್ಗಿ ನೋಡಿದರು.

ಹೊರಗೆ ಬಂದ ಮೇಲೆ ಅಧಿಕಾರಿ ಫೈಲು ತೆರೆದರು. ಮೇಡಂ ಹೊಂಬಾಳೆಯ ಹತ್ತಿರ ಏನೋ ಹೇಳಿ ನನ್ನ ಕಡೆ ಕೈ ತೋರಿಸಿದರು. ಹೊಂಬಾಳೆ ನೆಲ ನೋಡುತ್ತಾ ನಿಂತಳು.

"ಕೇಳಮ್ಮ ನಿಮ್ಮ ತಾಯೀನ," ಎಂದರು ಅಧಿಕಾರಿ.

"ಅವ್ವ, ಮಗ್ಳು ಈ ಕೆಲಸಕ್ಕೆ ಲಾಯಕ್ಕಾ, ಒಂದು ವರ್ಷ ಕಳಿಸಕ್ಕೆ ನಿಂಗೆ ಒಪ್ಪಿಗೆನಾ ಅಂತ ಕೇಳ್ತಾವ್ರೆ."

ಬೈರಮ್ಮನ ಕೈ ನಿಂತಿತು. ಅಷ್ಟು ಹೆಂಗಸರ ಎದುರು, ಹುಳು ಗೂಡು ಕಟ್ಟುವ ಹೊತ್ತಿನಲ್ಲಿ, ಹೆತ್ತ ಮಗಳನ್ನು ಬಾಯಿ ಬಿಟ್ಟು ಹೊಗಳುವುದು.

"ನಾಲ್ಕು ವರ್ಷದಿಂದ ಚಾಕಿ ಇವ್ಳದೇ," ಎಂದೆ. "ಒಂದ್ ಬೆಳೇನೂ ಕೆಟ್ಟಿಲ್ಲ. ಹುಳು ಮಲಗೋ ಹೊತ್ತು, ಏಳೋ ಹೊತ್ತು, ನನ್ಗಿಂತ ಇವ್ಳಿಗೆ ಚೆನ್ನಾಗ್ ಗೊತ್ತು. ಕಾಲೇಜಿಂದ ಬಂದು ಊಟ ಮಾಡಕ್ಕಿಂತ ಮುಂಚೆ ಸೊಪ್ಪು ಹೆಚ್ಚುತಾಳೆ. ಹುಳುಮನೆಗೆ ಹುಳು ಕೊಲ್ಲೋ ಊಜಿ ನೊಣ ಬರ್ದಂಗೆ ಕಿಟಕಿಗೆಲ್ಲಾ ಬಲೆ ಹೊಡೆಸಿದ್ದು ಇವ್ಳೇ, 'ನಮ್ಮಪ್ಪ ಹೊಡೆಸ್ದ' ಅಂತ ಊರೋರ್ ಮುಂದೆ ಹೇಳ್ಕಂಡ್ಲು. ಈ ಕೈಲಾಂಚ ಹೋಬಳೀಲಿ ಇವ್ಳಂಗೆ ಹುಳು ಮೇಯಿಸೋರು ಇನ್ನೊಬ್ರು ಇಲ್ಲ. ನಂಗೆ ಭಯ ಆಯ್ತದೆ. ರಾತ್ರಿ ನಿದ್ದೆ ಬರಕಿಲ್ಲ. ಆದ್ರೂ ಕಳಿಸ್ತೀನಿ. ಹೋಗ್ಲಿ."

ಹೊಂಬಾಳೆಯ ಕಿವಿ ಕೆಂಪಾಗಿತ್ತು. ಮೇಡಂ ಕಡೆ ತಿರುಗಿ ಮೂರೋ ನಾಲ್ಕೋ ಪದ ಹೇಳಿದಳು.

"ಅಷ್ಟೇನಾ?" ಎಂದರು ಅಧಿಕಾರಿ. "ನಿಮ್ಮಮ್ಮ ಇನ್ನೂ ಬಹಳ ಹೇಳಿದ್ರಲ್ಲ."

ಅಧಿಕಾರಿಯೇ ಗಂಟಲು ಸರಿಮಾಡಿಕೊಂಡು ಪೂರ್ತಿ ಹೇಳಿದರು, ನೊಣದ ಬಲೆಯವರೆಗೂ. ಈ ಸಲ ನಡುವೆ ನಗಲಿಲ್ಲ. ಮೇಡಂ ಕೇಳಿಸಿಕೊಳ್ಳುತ್ತಾ ಬರೆದುಕೊಂಡರು.

ಹೊರಡುವಾಗ ಅಧಿಕಾರಿ ನನ್ನ ಹತ್ತಿರ ಬಂದರು. "ಹೊಸದಾಗಿ ವರದಿ ಬರೀತೀನಿ ಅಮ್ಮ. ನಿನ್ನೆ ಬರೆದಿದ್ದನ್ನ ಹರಿಯೋ ಹಾಗಿಲ್ಲ, ಅದೂ ಜೊತೆಗೆ ಹೋಗುತ್ತೆ. ಎರಡನ್ನೂ ಓದಿ ಅವರು ಏನು ತೀರ್ಮಾನ ಮಾಡ್ತಾರೋ ನನಗೆ ಗೊತ್ತಿಲ್ಲ."

ಜೀಪು ಹೋಯಿತು. ಬೈರಮ್ಮ ಎದ್ದು ಬಂದು ಹೊಂಬಾಳೆಯ ತಲೆಯ ಮೇಲೆ ನೆಟಿಕೆ ಮುರಿದಳು. "ನಿಮ್ಮವ್ವಂಗೆ ಬಾಯಿ ಐತೆ ಅಂತ ಇವತ್ತೇ ಗೊತ್ತಾಗಿದ್ದು ಕಣೆ," ಎಂದು ಮತ್ತೆ ಹುಳು ಆರಿಸಲು ಕೂತಳು. ಕೆಳಗಿನ ಎರಡು ತಟ್ಟೆ ನಾನಿಲ್ಲದ ಹೊತ್ತಿನಲ್ಲಿ ಕಸದಲ್ಲೇ ನೂಲು ಬಿಟ್ಟಿದ್ದವು. ಅವನ್ನು ಎತ್ತಿ ತಿಪ್ಪೆಗೆ ಹಾಕಿದೆವು. ಹೊಂಬಾಳೆ ನನ್ನ ಪಕ್ಕಕ್ಕೆ ಬಂದು ಕೂತಳು.

"ಯಾವಾಗಿಂದ ಏನೂ ತಿಂದಿಲ್ಲ ನೀನು?" ಎಂದು ಕೇಳಿದಳು.

"ನೀನು?"

ಅವಳು ಎದ್ದು ಹೋಗಿ ಒಂದೇ ತಟ್ಟೆಯಲ್ಲಿ ಮುದ್ದೆ ತಂದಳು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಗೂಡು ಬಿಡಿಸಿದೆವು, ಮಾರಿದೆವು, ಮನೆ ತೊಳೆದೆವು. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಎರಡು ವರದಿಗಳು ಯಾವುದೋ ಮೇಜಿನ ಮೇಲೆ ಅಕ್ಕಪಕ್ಕ ಕೂತಿರುವುದೇ ಕಾಣುತ್ತಿತ್ತು. ಒಂದರಲ್ಲಿ ಅವಳಿಗೆ ತಟ್ಟೆ ಎತ್ತಿಡಲೂ ಬರುವುದಿಲ್ಲ, ಇನ್ನೊಂದರಲ್ಲಿ ಹೋಬಳಿಗೇ ಅವಳಂಥವರಿಲ್ಲ. ಎರಡನ್ನೂ ಹೇಳಿದವಳು ಒಬ್ಬಳೇ. ಯಾರು ತಾನೇ ನಂಬುತ್ತಾರೆ? ಸಿಗದಿದ್ದರೆ ಅವಳು ಇಲ್ಲೇ ಇರುತ್ತಾಳೆ ಎಂಬ ಯೋಚನೆ ಒಂದೆರಡು ಸಲ ಸುಳಿಯಿತು. ಬಂದಾಗಲೆಲ್ಲ ನಾಚಿಕೆಯಾಯಿತು. ಕೈಗೆ ಸಿಕ್ಕ ಕೆಲಸ ಹಿಡಿದು ಅದನ್ನು ಅಲ್ಲಿಗೇ ಬಿಟ್ಟೆ.

ಇಪ್ಪತ್ತಾರನೇ ದಿನ ಕಾಗದ ಬಂತು. ನಾನು ಮುಂದಿನ ಬೆಳೆಗೆ ತಟ್ಟೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಉಜ್ಜುತ್ತಿದ್ದೆ. ಹೊಂಬಾಳೆ ನಿಂತಲ್ಲೇ ಒಡೆದು ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಓದಿದಳು.

"ಏನಂತೆ?" ಎಂದೆ.

"ಆಗೈತೆ ಕಣವ್ವ. ಸೆಪ್ಟೆಂಬರ್ಗೆ ಹೋಗ್ಬೇಕಂತೆ."

ಒದ್ದೆ ಕೈಯಲ್ಲೇ ಅವಳ ಕೆನ್ನೆ ಹಿಡಿದುಕೊಂಡೆ. ಬ್ಲೀಚಿಂಗ್ ವಾಸನೆಗೆ ಇಬ್ಬರ ಕಣ್ಣಲ್ಲೂ ನೀರು ಬಂತು. ಅವಳು ಅಪ್ಪನಿಗೆ ಹೇಳಲು ಹೊಲದ ಕಡೆ ಓಡಿದಳು.

ನಾನು ತೊಟ್ಟಿಯ ಮುಂದೆ ಕೂತೆ. ಅಲ್ಲಿ ಹಿಮ ಬೀಳುತ್ತದಂತೆ. ಅವಳಿಗೆ ಒಂದು ದಪ್ಪನೆಯ ಸ್ವೆಟರೂ ಇಲ್ಲ. ಅಕ್ಕಿ ತಿನ್ನುತ್ತಾರಂತೆ, ರಾಗಿ ಇಲ್ಲವಂತೆ. ಒಂದು ವರ್ಷ. ವರ್ಷ ಎಂದರೆ ನನ್ನ ತಲೆಯಲ್ಲಿ ಹಿಡಿಯುವುದಿಲ್ಲ, ಬೆಳೆಯ ಲೆಕ್ಕದಲ್ಲಾದರೆ ಹಿಡಿಯುತ್ತದೆ. ಬೆರಳು ಮಡಿಚಿ ಎಣಿಸಿದೆ. ಐದು ಬೆಳೆ, ಹೆಚ್ಚೆಂದರೆ ಆರು. ಐದರ ಚಾಕಿ ನಾನು ನೋಡಿಕೊಳ್ಳಬೇಕು, ಸೊಪ್ಪು ಅವಳಷ್ಟು ಸಣ್ಣಗೆ ಹೆಚ್ಚಲು ಈ ಎರಡು ತಿಂಗಳಲ್ಲಿ ಕಲಿತುಕೊಳ್ಳಬೇಕು. ಆರನೆಯದಕ್ಕೆ ಬಂದುಬಿಡುತ್ತಾಳೆ ಎಂದುಕೊಂಡು ಇನ್ನೊಂದು ತಟ್ಟೆ ಎಳೆದುಕೊಂಡೆ.